ಆ ಪೊಲೀಸ್ ಕಥೆ ಅರ್ಧಕ್ಕೇ ಯಾಕೆ ನಿಂತಿತು?

ಟಿವಿಯ ಪೊಲೀಸ್ ಸೀರಿಯಲ್‌ಗಳಲ್ಲಿ ಕೆಲವು ಪಾತ್ರಗಳ ಕಥೆ ಅರ್ಧಕ್ಕೇ ನಿಂತುಹೋಗುತ್ತದಲ್ಲ, ಬರೆಯುವವರು ಮರೆತುಬಿಡುತ್ತಾರಾ ಅಂತ ಕೇಳಿದ್ದೀರಿ. ಮರೆಯುವುದು ಕಡಿಮೆ. ಜಾಸ್ತಿ ಸಲ ನಟ ಬಿಟ್ಟುಹೋಗಿರುತ್ತಾನೆ, ಇಲ್ಲ ಚಾನೆಲ್ಲೇ ಸೀರಿಯಲ್ ನಿಲ್ಲಿಸಿರುತ್ತದೆ.

ನನಗೆ ಇವತ್ತಿಗೂ ಕಾಡುವುದು 'ಸೌತ್‌ಲ್ಯಾಂಡ್'. ಲಾಸ್ ಏಂಜಲೀಸ್ ಪೊಲೀಸರ ಕಥೆ. 2013ರ ಏಪ್ರಿಲ್‌ನಲ್ಲಿ ಬಂದ ಕೊನೆಯ ಎಪಿಸೋಡ್‌ನಲ್ಲಿ ಜಾನ್ ಕೂಪರ್ ಅನ್ನುವ ಹಿರಿಯ ಪೊಲೀಸ್, ಜನರೇಟರ್ ಸದ್ದಿನ ವಿಷಯಕ್ಕೆ ಅಕ್ಕಪಕ್ಕದವರ ಜೊತೆ ಹೊಡೆದಾಟಕ್ಕೆ ಇಳಿಯುತ್ತಾನೆ. ಸ್ವಲ್ಪ ದಿನದ ಹಿಂದಷ್ಟೇ ಅವನನ್ನೂ ಅವನ ಜೊತೆಗಾರನನ್ನೂ ಅಪಹರಿಸಿದ್ದರು, ಜೊತೆಗಾರ ಸತ್ತಿದ್ದ, ಹಾಗಾಗಿ ಆ ಸಿಟ್ಟು ಬರೀ ಜನರೇಟರಿನದ್ದಲ್ಲ ಅಂತ ನೋಡುವವರಿಗೆ ಗೊತ್ತು. ಅಲ್ಲಿಗೆ ಬಂದ ಪೊಲೀಸರೇ ಅವನಿಗೆ ಗುಂಡು ಹಾರಿಸುತ್ತಾರೆ. ಅಷ್ಟೇ. ಬದುಕಿದನಾ ಸತ್ತನಾ ಗೊತ್ತಿಲ್ಲ, ಮುಂದಿನ ತಿಂಗಳೇ ಸೀರಿಯಲ್ ರದ್ದಾಯಿತು. ಮುಂದಿನ ಸೀಸನ್ ಎಲ್ಲಿದೆ ಅಂತ ನಾನು ಪೆದ್ದನ ಹಾಗೆ ಹುಡುಕಿದ್ದೆ.

ಸರಣಿ ಕೊಲೆಗಾರರನ್ನು ಅರ್ಥ ಮಾಡಿಕೊಳ್ಳಲು ಹೊರಟ ಎಫ್‌ಬಿಐನವರ ಸೀರಿಯಲ್ 'ಮೈಂಡ್‌ಹಂಟರ್' ಕಥೆ ಇನ್ನೂ ವಿಚಿತ್ರ. ಎರಡು ಸೀಸನ್ ಪೂರ್ತಿ ಒಬ್ಬ ಮೀಸೆಯ ಮನುಷ್ಯನನ್ನು ಆಗಾಗ ಚೂರುಚೂರಾಗಿ ತೋರಿಸಿ, 2019ರ ನಂತರ ಮುಂದೆ ಬರಲೇ ಇಲ್ಲ. ಆದರೆ ಅವನು ನಿಜವಾದ ಕೊಲೆಗಾರ ಡೆನಿಸ್ ರೇಡರ್. ಪೊಲೀಸರಿಗೆ ತಾನೇ ಕಳಿಸಿದ ಫ್ಲಾಪಿ ಡಿಸ್ಕ್‌ನಿಂದ ಸುಳಿವು ಸಿಕ್ಕಿ 2005ರಲ್ಲಿ ಬಂಧನವಾಯಿತು. ಸೀರಿಯಲ್ ಮುಗಿಸದ ಕಥೆಯನ್ನು ಸುದ್ದಿ ಮುಗಿಸಿತು, ಅಲ್ವಾ?

ನಟ ಬಿಟ್ಟುಹೋದರೆ ಆಗುವುದು ಬೇರೆ. 'ಲಾ ಅಂಡ್ ಆರ್ಡರ್: ಎಸ್‌ವಿಯು'ನಲ್ಲಿ 12 ಸೀಸನ್ ಇದ್ದ ಪತ್ತೇದಾರ ಸ್ಟೇಬ್ಲರ್, 2011ರಲ್ಲಿ ನಟನ ಒಪ್ಪಂದದ ಮಾತುಕತೆ ಮುರಿದುಬಿದ್ದ ಮೇಲೆ, ಕೆಲಸ ಬಿಟ್ಟ ಅಂತ ಬೇರೆಯವರ ಬಾಯಲ್ಲಿ ಒಂದು ಮಾತು. ಅಷ್ಟು ವರ್ಷ ಪಕ್ಕದಲ್ಲಿದ್ದ ಜೊತೆಗಾರ್ತಿ ಬೆನ್ಸನ್‌ಗೆ ಹೋಗಿಬರ್ತೀನಿ ಅಂತಲೂ ಹೇಳದೆ! ಅವನು ಮತ್ತೆ ಮುಖ ತೋರಿಸಿದ್ದು 2021ರಲ್ಲಿ. ನನ್ನ ಪ್ರಕಾರ ಇಂಥದ್ದೇ ನಿಜವಾದ ಮೋಸ.

ಯಾಕೆಂದರೆ ಉತ್ತರ ಕೊಡದೇ ಇರುವುದು ತಪ್ಪೇನಲ್ಲ. 'ಹೋಮಿಸೈಡ್: ಲೈಫ್ ಆನ್ ದ ಸ್ಟ್ರೀಟ್' (1993–1999) ನೋಡಿ. ಬಾಲ್ಟಿಮೋರ್ ಠಾಣೆಯ ಬೋರ್ಡಿನಲ್ಲಿ ಬಗೆಹರಿದ ಕೊಲೆಯ ಹೆಸರು ಕಪ್ಪಲ್ಲಿ, ಬಗೆಹರಿಯದ್ದು ಕೆಂಪಲ್ಲಿ. ಹೊಸದಾಗಿ ಸೇರಿದ ಪತ್ತೇದಾರ ಬೇಲಿಸ್‌ಗೆ ಸಿಗುವ ಮೊದಲ ಕೇಸ್ ಅಡೀನಾ ವಾಟ್ಸನ್ ಅನ್ನುವ ಹುಡುಗಿಯ ಕೊಲೆ. ಒಂದು ಎಪಿಸೋಡ್ ಹೆಚ್ಚುಕಡಿಮೆ ಪೂರ್ತಿ ಒಂದೇ ಕೋಣೆಯಲ್ಲಿ ನಡೆಯುತ್ತದೆ: ಬೇಲಿಸ್, ಅವನ ಜೊತೆಗಾರ ಪೆಂಬಲ್ಟನ್, ಎದುರಿಗೆ ಕೊಲೆಯ ಶಂಕೆಯಿರುವ, ಗಾಡಿಯಲ್ಲಿ ಹಣ್ಣು ಮಾರುವ ಮುದುಕ. 12 ಗಂಟೆ ಕೇಳಿದ್ದನ್ನೇ ಕೇಳಿ, ಹೆದರಿಸಿ, ನಯವಾಗಿ ಮಾತಾಡಿ ಸಾಕಾಗುತ್ತಾರೆ. ಮುಗಿಯುವ ಹೊತ್ತಿಗೆ ಅನುಮಾನವಿದ್ದ ಪೆಂಬಲ್ಟನ್ ಇವನೇ ಕೊಂದಿದ್ದು ಅನ್ನುತ್ತಾನೆ, ಮೊದಲಿಂದಲೂ ಇವನೇ ಅಂತ ಹಟ ಹಿಡಿದಿದ್ದ ಬೇಲಿಸ್‌ಗೆ ಈಗ ಖಾತ್ರಿಯೇ ಇಲ್ಲ. ಆ ಕೇಸ್ ಬಗೆಹರಿಯುವುದೇ ಇಲ್ಲ. ಇದಕ್ಕೆ ಮೂಲವಾದ ನಿಜವಾದ ಪ್ರಕರಣದಲ್ಲೂ ಕೊಲೆಗಾರ ಸಿಗಲಿಲ್ಲ.

ಆದರೆ ಬರೆದವರು ಅದನ್ನು ಕೈಬಿಟ್ಟಿಲ್ಲ ನೋಡಿ. ಆ ಹುಡುಗಿ ಬೇಲಿಸ್‌ನ ತಲೆಯಿಂದ ಹೋಗುವುದಿಲ್ಲ, ವರ್ಷಗಟ್ಟಲೆ ಅವಳ ಮಾತು ಮತ್ತೆ ಮತ್ತೆ ಬರುತ್ತದೆ. 2000ದಲ್ಲಿ ಬಂದ ಇದೇ ಸೀರಿಯಲ್‌ನ ಟಿವಿ ಸಿನಿಮಾದಲ್ಲಿ (ನೋಡಬೇಕು ಅಂತಿದ್ದರೆ ಇಲ್ಲಿಗೇ ಓದುವುದು ನಿಲ್ಲಿಸಿ) ಅವನು ತಾನೇ ಒಬ್ಬನನ್ನು ಕೊಂದಿದ್ದನ್ನು ಒಪ್ಪಿಕೊಳ್ಳುತ್ತಾನೆ. ಕೇಳಿಸಿಕೊಳ್ಳುವವನು ಅದೇ ಪೆಂಬಲ್ಟನ್.