ಶೀಲ್ಡ್ ಸ್ಪೆಲ್ ಹಾಕೋ ಮುಂಚೆ ಡಿಎಂ ನಂಬರ್ ಹೇಳಬೇಕಾ?

ನೀವು ಕೇಳಿದ್ದು ಇಷ್ಟು: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಪಾತ್ರ ವಹಿಸಿ ಆಡುವ ಡೈಸ್ ಆಟದ ಐದನೇ ಎಡಿಷನ್‌ನಲ್ಲಿ ನಿಮ್ಮ ಡಿಎಂ (ಡಂಜನ್ ಮಾಸ್ಟರ್, ಅಂದರೆ ಆಟ ನಡೆಸೋರು, ಶತ್ರುಗಳನ್ನ ಆಡಿಸೋರು) ಬರೀ "ಏಟು ಬಿತ್ತು" ಅಂತಾರೆ, ಡೈಸ್‌ನಲ್ಲಿ ಎಷ್ಟು ಬಂತು ಅಂತ ಹೇಳಲ್ಲ. ವಿಝಾರ್ಡ್ (ಮಂತ್ರವಾದಿ) ಪಾತ್ರ ಆಡುವ ಗೆಳೆಯರು ಶೀಲ್ಡ್ ಹಾಕೋ ಮುಂಚೆ ನಂಬರ್ ಹೇಳಲೇಬೇಕು ಅಂತ ಹಟ ಹಿಡಿದಿದ್ದಾರೆ. ಯಾರು ಸರಿ?

ಪುಸ್ತಕ ಪೂರ್ತಿಯಾಗಿ ಯಾರ ಕಡೆಗೂ ಇಲ್ಲ. ಶೀಲ್ಡ್ ಅನ್ನೋ ರಕ್ಷಣೆಯ ಮಂತ್ರ ಹಾಕೋದು ಏಟು ಬಿದ್ದ ಮೇಲೆ, ರಿಯಾಕ್ಷನ್ (ಎದುರಿನವರು ಏನಾದರೂ ಮಾಡಿದಾಗ ತಕ್ಷಣ ಕೊಡೋ ಪ್ರತಿಕ್ರಿಯೆ, ಒಂದು ಸುತ್ತಿಗೆ ಒಂದೇ) ಆಗಿ. ಹಾಗಾಗಿ ಏಟು ಬಿತ್ತೋ ಇಲ್ವೋ ಅನ್ನೋದನ್ನ ಡಿಎಂ ಹೇಳಲೇಬೇಕು. "ಗಾಬ್ಲಿನ್ ಕತ್ತಿ ಬೀಸ್ತಿದೆ, ಹಾಕ್ತೀಯಾ ಇಲ್ವಾ ಈಗಲೇ ಹೇಳು" ಅನ್ನೋ ಹಾಗಿಲ್ಲ. ಆದರೆ ನಂಬರ್ ಹೇಳಬೇಕು ಅಂತ ಆ ಸ್ಪೆಲ್‌ನಲ್ಲಿ ಎಲ್ಲೂ ಬರೆದಿಲ್ಲ. ಜಗಳ ಹುಟ್ಟೋದು ಇಲ್ಲೇ.

ನಾನು ಡಿಎಂ ಆಗಿ ಕೂತಾಗ ನಂಬರ್ ಹೇಳಿಬಿಡ್ತೀನಿ. ಒಂದನೇ ಲೆವೆಲ್ ವಿಝಾರ್ಡ್‌ಗೆ ಇರೋದೇ 2 ಸ್ಲಾಟ್ (ಇಂಥ ಒಂದು ಸ್ಪೆಲ್ ಹಾಕಿದರೆ ಒಂದು ಸ್ಲಾಟ್ ಖರ್ಚು). ಬೆಳಗ್ಗೆ ಮೈಗೆ ಕವಚದ ಹಾಗೆ ಇರೋ ಮೇಜ್ ಆರ್ಮರ್ ಸ್ಪೆಲ್‌ಗೆ ಒಂದು ಹೋದರೆ ಉಳಿಯೋದು ಒಂದೇ. ಡೆಕ್ಸ್ಟೆರಿಟಿಯ (ಚುರುಕುತನದ) 2 ಸೇರಿ ಎಸಿ, ಅಂದರೆ ಏಟು ಬೀಳೋಕೆ ಎದುರಾಳಿ ಮುಟ್ಟಬೇಕಾದ ನಂಬರ್, 15 ಅಂದುಕೊಳ್ಳಿ. ಗಾಬ್ಲಿನ್‌ಗೆ ಇಪ್ಪತ್ತು ಮುಖದ ಡೈಸ್‌ನಲ್ಲಿ 13 ಬಂತು, ಅದರ ದಾಳಿಯ 4 ಸೇರಿ 17. ಶೀಲ್ಡ್ ಹಾಕಿದರೆ ಎಸಿಗೆ 5 ಸೇರಿ 20 ಆಗುತ್ತೆ, ಏಟು ತಪ್ಪುತ್ತೆ. ಅದೇ ಡೈಸ್‌ನಲ್ಲಿ 17 ಬಂದಿದ್ದರೆ ಒಟ್ಟು 21. ಆಗ ಶೀಲ್ಡ್ ಹಾಕಿದರೂ ಏಟು ಬಿದ್ದೇ ಬೀಳುತ್ತೆ, ಕೊನೇ ಸ್ಲಾಟ್ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ನಂಬರ್ ಮುಚ್ಚಿಟ್ಟರೆ ಆಟಕ್ಕೆ ಒಂದು ರೋಚಕತೆ ಬರುತ್ತೆ, ಒಪ್ತೀನಿ. ಆದರೆ ಡಿಎಂ ಕಡೆಯ ಮಂತ್ರವಾದಿ ಶೀಲ್ಡ್ ಹಾಕುವಾಗ ಏನಾಗುತ್ತೆ ನೋಡಿ. ಆಟಗಾರ "ನಂದು 19" ಅಂತ ಜೋರಾಗಿ ಹೇಳಿರ್ತಾನೆ, ಡಿಎಂ ಆ 19 ಕೇಳಿಸಿಕೊಂಡೇ ಹಾಕೋದು. ಒಂದು ಕಡೆಯವರಿಗೆ ಗೊತ್ತು, ಇನ್ನೊಂದು ಕಡೆಯವರು ಕತ್ತಲಲ್ಲಿ ಅಂದರೆ ನ್ಯಾಯ ಅಲ್ಲ ಅಲ್ವಾ? ಇದನ್ನೇ ನಿಮ್ಮ ಡಿಎಂ ಮುಂದೆ ಇಡಿ, ಆದರೆ ಹೊಡೆದಾಟದ ಮಧ್ಯೆ ಬೇಡ.

ಡೈಸ್‌ನಲ್ಲೇ 20 ಬಿದ್ದರೆ ವಾದಕ್ಕೆ ಜಾಗ ಇಲ್ಲ. ಎಸಿ ಎಷ್ಟಿದ್ದರೂ ಅದು ಏಟೇ. ಆದರೂ ಶೀಲ್ಡ್ ಪೂರ್ತಿ ದಂಡ ಅಲ್ಲ. ನಿಮ್ಮ ಮುಂದಿನ ಟರ್ನ್ ಶುರುವಾಗೋವರೆಗೂ ಅದು ಇರುತ್ತೆ. ಸುತ್ತ ಇನ್ನೂ ಮೂರು ಗಾಬ್ಲಿನ್ ನಿಂತಿದ್ದರೆ ನಾನಂತೂ ಹಾಕ್ತೀನಿ. ಫೈರ್‌ಬಾಲ್ ಬಂದರೆ ಮಾತ್ರ ಸುಮ್ನೆ ಆಸೆ ಪಡಬೇಡಿ. ಅಲ್ಲಿ ಬೇಕಾಗಿರೋದು ಸೇವಿಂಗ್ ಥ್ರೋ (ತಪ್ಪಿಸಿಕೊಳ್ಳೋಕೆ ನೀವೇ ಎಸೆಯೋ ಡೈಸ್), ಎಸಿಗೆ ಕೆಲಸ ಇಲ್ಲ.

ಇದಕ್ಕಿಂತ ತಲೆಕೆಡಿಸೋದು ಮ್ಯಾಜಿಕ್ ಮಿಸೈಲ್ ಅನ್ನೋ ದಾಳಿಯ ಸ್ಪೆಲ್. ಅದಕ್ಕೆ ಏಟು ಬಿತ್ತೋ ಇಲ್ವೋ ಅಂತ ನೋಡೋಕೆ ಡೈಸ್ ಎಸೆಯೋದೇ ಇಲ್ಲ, ತಾನಾಗೇ ಬಂದು ಬಡಿಯುತ್ತೆ, ಶೀಲ್ಡ್ ಅದನ್ನ ಪೂರ್ತಿ ತಡೆಯುತ್ತೆ. ಆದರೆ ಎದುರಾಳಿ ಹಾಕ್ತಿರೋ ಸ್ಪೆಲ್ ಯಾವುದು ಅಂತ ಗುರುತಿಸೋಕೆ ರಿಯಾಕ್ಷನ್ ಬೇಕು ಅಂತ 2017ರ ಹೆಚ್ಚುವರಿ ನಿಯಮಗಳ ಪುಸ್ತಕ ಝಾನಥಾರ್ಸ್ ಗೈಡ್ ಹೇಳುತ್ತೆ. ಗುರುತಿಸೋಕೆ ರಿಯಾಕ್ಷನ್ ಹೋಯ್ತು ಅಂದರೆ ಶೀಲ್ಡ್‌ಗೆ ಏನು ಉಳೀತು? ನನ್ನ ತೀರ್ಪು ಸರಳ: ಮ್ಯಾಜಿಕ್ ಮಿಸೈಲ್ ನಿಮ್ಮ ಮೇಲೆ ಬಂದರೆ ಅಂತ ಶೀಲ್ಡ್‌ನಲ್ಲೇ ಬರೆದಿದೆ, ಹಾಗಾಗಿ ಡಿಎಂ ಹೆಸರು ಹೇಳಿಯೇ ಹಾಕಬೇಕು.

ಆನ್‌ಲೈನ್‌ನಲ್ಲಿ ಆಡ್ತಿದ್ದರೆ ಇನ್ನೊಂದು. ಒಂದೇ ಬಟನ್ ಒತ್ತಿದರೆ ಏಟಿನ ನಂಬರೂ ಡ್ಯಾಮೇಜೂ ಒಟ್ಟಿಗೇ ಬರೋ ಹಾಗೆ ಇಟ್ಟುಕೊಂಡಿದ್ದರೆ ಅದನ್ನ ಬದಲಾಯಿಸಿ. ಡ್ಯಾಮೇಜ್ ಬರೀ 3 ಅಂತ ಕಂಡ ಮೇಲೆ ಯಾರೂ ಶೀಲ್ಡ್ ಹಾಕಲ್ಲ.