500 ವ್ಯಾಟ್ ಯಾಕೆ ಬೇಕು?

ಪ್ರಶ್ನೆ: ಚರ್ಚ್ ಕ್ವಾಯರ್‌ನಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಮದುವೆ ಆರ್ಕೆಸ್ಟ್ರಾಕ್ಕೂ ಹೋಗುತ್ತೇನೆ. ಅಮೆರಿಕದ ಮೋಟೌನ್ ಕಂಪನಿಯ ಹಳೆಯ ಸೋಲ್ ಹಾಡುಗಳಲ್ಲಿ ಇರುವಂಥ ದುಂಡಗಿನ ಬೇಸ್ ನನಗಿಷ್ಟ. ಗೆಳೆಯರು 500 ವ್ಯಾಟ್ ಆಂಪ್ ತಗೋ ಅನ್ನುತ್ತಾರೆ, ಒಬ್ಬರು ವಾಲ್ವ್ (ಗಾಜಿನ ಟ್ಯೂಬ್) ಆಂಪೇ ಆಗಬೇಕು ಅನ್ನುತ್ತಾರೆ. ಈಗಿರುವ ಆಂಪ್ ಮನೆಯಲ್ಲಿ ಬರೀ ಗುಂಯ್ ಅನ್ನುತ್ತದೆ. ಏನು ಕೊಳ್ಳಲಿ?
– ಓದುಗ, ಬೀದರ್

ಉತ್ತರ: ಮೋಟೌನ್ ಬೇಸ್ ಅಂದರೆ ಬಹುಪಾಲು ಅಲ್ಲಿನ ಬೇಸ್ ವಾದಕ ಜೇಮ್ಸ್ ಜೇಮರ್ಸನ್. ಅವರು ಕಾರ್ಯಕ್ರಮಗಳಿಗೆ ಬಳಸುತ್ತಿದ್ದದ್ದು ಆಂಪೆಗ್ ಬಿ-15 ಆಂಪ್. 15 ಇಂಚಿನ ಒಂದೇ ಸ್ಪೀಕರ್, ಪವರ್ 30 ವ್ಯಾಟ್ ಆಸುಪಾಸು. ಸ್ಟುಡಿಯೊದಲ್ಲಿ ಹೆಚ್ಚಾಗಿ ಅದೂ ಇಲ್ಲ, ಬೇಸ್ ನೇರವಾಗಿ ರೆಕಾರ್ಡಿಂಗ್ ಕನ್ಸೋಲ್‌ಗೆ ಹೋಗುತ್ತಿತ್ತು. ನಿಮಗೆ ಇಷ್ಟವಾದ ದನಿ ಬಂದದ್ದು ಹಳೆಯ ಫ್ಲಾಟ್‌ವೌಂಡ್ (ಮೈ ನುಣುಪಾದ) ತಂತಿ, ಬ್ರಿಡ್ಜ್ (ತಂತಿಗಳು ಕೂರುವ ತುದಿ) ಹತ್ತಿರದ ಫೋಮ್ ತುಂಡು ಮತ್ತು ಅವರ ತೋರುಬೆರಳಿನಿಂದ. ಹಾಗಾಗಿ ಮೊದಲು ಫ್ಲಾಟ್‌ವೌಂಡ್ ಸೆಟ್ ಹಾಕಿ. ಆಂಪ್ ಆಮೇಲೆ ನೋಡೋಣ.

ಗುಂಯ್ ಅನ್ನುವುದಕ್ಕೆ ಆಂಪನ್ನು ಬೈಯಬೇಡಿ. ನಮ್ಮ ಕಡೆ ಮನೆಗಳಲ್ಲಿ ಕೆಳಗೆ ಶಹಾಬಾದ್ ಕಲ್ಲಿನ ಫರಸಿ, ಸುತ್ತ ಬರಿ ಗೋಡೆ. ಕಲಬುರಗಿಯ ನನ್ನ ರೂಮಿನದೂ ಇದೇ ಕಥೆ. ಬೇಸ್‌ನ ಅತಿ ದಪ್ಪದ ಇ ತಂತಿಯನ್ನು ಒತ್ತದೆ ಮೀಟಿದರೆ 41 ಹರ್ಟ್ಸ್, ಅದರ ಅಲೆಯ ಉದ್ದ 8 ಮೀಟರ್ ಮೇಲೆ, ಸಣ್ಣ ರೂಮಿಗೆ ಅದು ಹಿಡಿಸುವುದಿಲ್ಲ. ಮೂಲೆಯಲ್ಲಿಟ್ಟರೆ ತಳದ ಸ್ವರಗಳು ಇನ್ನೂ ಉಬ್ಬುತ್ತವೆ. ಆಂಪನ್ನು ಮೂಲೆಯಿಂದ ಈಚೆಗೆ ಎಳೆದು ಸ್ಟೂಲ್ ಮೇಲಿಡಿ, ಬೇಸ್ ನಾಬ್ ಇಳಿಸಿ, ಮಿಡ್ (ನಡುಸ್ವರಗಳ ನಾಬ್) ಸ್ವಲ್ಪ ಏರಿಸಿ. ದುಂಡಗಿನ ದನಿ ಬೇಕು ಅಂತ ಮಿಡ್ ಕಿತ್ತುಹಾಕುವವರೇ ಜಾಸ್ತಿ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್‌ನವರ ಎಡಗೈ ಕೆಳಗಿನ ಸ್ವರಗಳ ಮೇಲೇ ಇರುತ್ತದಲ್ವಾ, ಮಿಡ್ ಇಲ್ಲದಿದ್ದರೆ ನೀವು ಅದರಡಿ ಮುಚ್ಚಿಹೋಗುತ್ತೀರಿ.

ವ್ಯಾಟ್ ವಿಷಯ ಚುಟುಕಾಗಿ: ಎರಡು ಪಟ್ಟು ವ್ಯಾಟ್ ಕೊಟ್ಟರೂ ಏರುವುದು 3 ಡೆಸಿಬೆಲ್ ಮಾತ್ರ. 250ಕ್ಕೂ 500ಕ್ಕೂ ಅಂಥ ಅಂತರವಿಲ್ಲ. ಅದಕ್ಕಿಂತ ಸ್ಪೀಕರ್ ಮತ್ತು ಪೆಟ್ಟಿಗೆ ಮುಖ್ಯ. ಇನ್ನೊಂದು ಮಾತು, ಹಲವು ಆಂಪ್‌ಗಳ ಪೂರ್ತಿ ವ್ಯಾಟ್ ಸಿಗುವುದು ಸ್ಪೀಕರ್‌ನ ವಿದ್ಯುತ್ ತಡೆ 4 ಓಮ್ ಇದ್ದಾಗ. ಒಳಗಿನ ಸ್ಪೀಕರ್ 8 ಓಮ್ ಆಗಿದ್ದರೆ ಅಷ್ಟು ಬರುವುದಿಲ್ಲ. ಕೇಳಿ ತಿಳಿದುಕೊಳ್ಳಿ.

ವಾಲ್ವ್? ದನಿ ಚೆಂದ, ತಕರಾರಿಲ್ಲ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ 300 ವ್ಯಾಟ್‌ನದು, ಜೊತೆಗೆ 10 ಇಂಚಿನ ಎಂಟು ಸ್ಪೀಕರ್‌ಗಳ ಕ್ಯಾಬಿನೆಟ್. ದೊಡ್ಡ ರಾಕ್ ವೇದಿಕೆಗಳಿಗೆ ಮಾಡಿದ್ದು. ಅದರ ಆ ಗಡಸು ರುಚಿ ಬರುವುದು ಜೋರಾಗಿ ಓಡಿಸಿದಾಗ. ಕ್ವಾಯರ್‌ನಲ್ಲಿ ಅಷ್ಟು ಜೋರು ಮಾಡಿದರೆ ಪಾದ್ರಿಗಳು ಸುಮ್ನಿರುತ್ತಾರಾ? ಹೊರಲು ಇಬ್ಬರು ಬೇಕು, ಅದು ಬೇರೆ ಮಾತು.

ನಿಮಗೆ ನನ್ನ ಸಲಹೆ 12 ಅಥವಾ 15 ಇಂಚಿನ ಸ್ಪೀಕರ್ ಇರುವ, 200–300 ವ್ಯಾಟ್‌ನ ಹಗುರ ಕ್ಲಾಸ್-ಡಿ (ವಾಲ್ವ್ ಅಲ್ಲದ, ಕಡಿಮೆ ತೂಕದ ಬಗೆಯ) ಕಾಂಬೊ, ಅಂದರೆ ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ. ಟ್ವೀಟರ್ (ಕೀಚು ದನಿಯ ಚಿಕ್ಕ ಸ್ಪೀಕರ್) ಆಫ್ ಮಾಡುವ ಸ್ವಿಚ್ ಇರಲಿ. ಡಿಐ ಔಟ್ (ಆಂಪಿನಿಂದ ನೇರ ಮಿಕ್ಸರ್‌ಗೆ ಹೋಗುವ ಸಾಕೆಟ್) ಇರಲೇಬೇಕು, ಅದಕ್ಕೆ ಗ್ರೌಂಡ್ ಲಿಫ್ಟ್ (ಆ ಕೇಬಲ್‌ನ ಗ್ರೌಂಡ್ ಬಿಡಿಸುವ ಸ್ವಿಚ್) ಕೂಡ, ಪೆಂಡಾಲ್‌ಗಳಲ್ಲಿ ಕರೆಂಟಿನ ಹಮ್ ಬಂದಾಗ ಬೇಕಾಗುತ್ತದೆ. ಮದುವೆಯಲ್ಲಿ ಜನರಿಗೆ ನಿಮ್ಮ ಬೇಸ್ ಕೇಳಿಸುವುದು ಪಿಎ (ಸಭಾಂಗಣದ ದೊಡ್ಡ ಸ್ಪೀಕರ್ ವ್ಯವಸ್ಥೆ) ಮೂಲಕ. ಆಂಪ್ ನಿಮಗೂ ಡ್ರಮ್ಮರ್‌ಗೂ ಕೇಳಿಸಿದರೆ ಸಾಕು.

ಕೊಳ್ಳಲು ಹೈದರಾಬಾದ್‌ಗೆ ಹೋಗುವುದಾದರೆ ನಿಮ್ಮ ಬೇಸನ್ನೇ ಒಯ್ಯಿರಿ. ಎಲ್ಲ ನಾಬ್ ನಡುವೆ ಇಟ್ಟು, ನೀವು ಭಾನುವಾರ ನುಡಿಸುವ ಹಾಡನ್ನೇ ನುಡಿಸಿ. ಆಮೇಲೆ ಇನ್ನೊಬ್ಬರ ಕೈಗೆ ಕೊಟ್ಟು ಹತ್ತಡಿ ದೂರ ನಿಂತು ಕೇಳಿ. ಅಂಗಡಿಯವರು ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿಗೆ ಬಡಿಯುವುದು) ಹೊಡೆದು ತೋರಿಸಿದರೆ ಮರುಳಾಗಬೇಡಿ, ನೀವು ಹುಡುಕಿಕೊಂಡು ಹೋದ ದನಿ ಅದಲ್ಲ.