ಕ್ಯಾತ್ಸಂದ್ರದ ಆ ಟೇಬಲ್‌ಗೆ ಅಧ್ಯಕ್ಷರು ಬೇಕಾ?

ಗುಬ್ಬಿಯ ನಿವೃತ್ತ ಮೇಷ್ಟ್ರೊಬ್ಬರು ಬರೆದ ಪತ್ರದ ಮುಖ್ಯ ಭಾಗ ಇದು:

"ತುಮಕೂರಿನ ಕಂಪ್ಯೂಟರ್ ಕೆಲಸದವರು ಭಾನುವಾರ ಬೆಳಿಗ್ಗೆ ಇಡ್ಲಿ ತಿನ್ನುತ್ತಾ ಸೇರುವ ಕೂಟದ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. ನನ್ನ ಮೊಮ್ಮಗ ಬಿಸಿಎ ಓದುತ್ತಿದ್ದಾನೆ. ಎರಡು ಸಲ ಹೋಗಿ ಬಂದ. ಏನು ಕಲಿತೆ ಅಂದರೆ 'ಸುಮ್ನೆ ಮಾತಾಡಿದ್ವಿ ತಾತ' ಅನ್ನುತ್ತಾನೆ. ಇಷ್ಟು ವರ್ಷವಾದರೂ ಸಂಘ ನೋಂದಣಿ ಆಗಿಲ್ಲ. ಅಧ್ಯಕ್ಷರಿಲ್ಲ, ಹಾಜರಿ ಪುಸ್ತಕ ಇಲ್ಲ. ಎಷ್ಟು ಹುಡುಗರಿಗೆ ಕೆಲಸ ಸಿಕ್ಕಿತು ಅನ್ನುವ ಲೆಕ್ಕವೂ ಇಲ್ಲ. ಒಂದು ಹಾಲ್ ಹಿಡಿದು, ತಜ್ಞರನ್ನು ಕರೆಸಿ, ಮೈಕು ಹಾಕಿ, ಸರ್ಟಿಫಿಕೇಟ್ ಕೊಟ್ಟು ಅಚ್ಚುಕಟ್ಟಾಗಿ ಮಾಡಬಾರದೇ? ಬೆಳಿಗ್ಗೆ ಏಳಕ್ಕೆ ಹೋಟೆಲ್‌ನಲ್ಲಿ ಸೇರಿದರೆ ಹಳ್ಳಿಯ ಹೆಣ್ಣುಮಕ್ಕಳು ಹೇಗೆ ಬರಬೇಕು? ನಾಲ್ಕು ಪುಟ ಕೊಡುವಂಥದ್ದು ಇದರಲ್ಲಿ ಏನಿದೆ?"

ಮೇಷ್ಟ್ರೇ, ನಮಸ್ಕಾರ.

ಮೊಮ್ಮಗನ ಭಾನುವಾರ ಹಾಳಾಗಬಾರದು ಅನ್ನುವ ಕಾಳಜಿ ನಿಮ್ಮ ಪತ್ರದ ಸಾಲು ಸಾಲಲ್ಲೂ ಇದೆ. ಎರಡು ಮಾತಿನಲ್ಲಿ ಉತ್ತರ ಕೊಟ್ಟು ಮುಗಿಸಲು ಮನಸ್ಸು ಬರಲಿಲ್ಲ.

ಮೊದಲು ಹೊತ್ತಿನ ವಿಷಯ. ಏಳು ಗಂಟೆಗೇ ಯಾಕೆ ಅಂತ ಮೊದಲ ಸಲ ಹೋದಾಗ ನಾನೂ ಕೇಳಿದ್ದೆ. ತುಮಕೂರಿಗೆ ಅಂಟಿಕೊಂಡ ಕ್ಯಾತ್ಸಂದ್ರದ ಹೋಟೆಲ್‌ನ ಆ ಟೇಬಲ್‌ಗೆ ಬರುವವರಲ್ಲಿ ಜಾಸ್ತಿ ಜನ ಬೆಂಗಳೂರಿಗೆ ಓಡಾಡುವವರು. ಇಲ್ಲಿಂದ ಅಲ್ಲಿಗೆ 70 ಕಿಲೋಮೀಟರ್. ಬೆಳಗಿನ ರೈಲು ಹಿಡಿದು ಹೋದರೆ ಮನೆ ಸೇರುವುದು ರಾತ್ರಿ ಊಟದ ಹೊತ್ತಿಗೆ. ಭಾನುವಾರ ಹತ್ತು ಗಂಟೆ ಆಯಿತು ಅಂದರೆ ಮದುವೆ, ಗೃಹಪ್ರವೇಶ, ಹಳ್ಳಿಗೆ ಹೋಗಿ ಅಪ್ಪ ಅಮ್ಮನನ್ನು ನೋಡಿ ಬರುವುದು ಶುರು. ಅವರ ಕೈಗೆ ಸಿಗುವುದು ಬೆಳಗಿನ ಎರಡು ತಾಸು ಮಾತ್ರ. ಹೋಟೆಲ್‌ನವರ ಕಡೆಯ ಕಾರಣವೂ ಇದೆ. ಎಂಟೂವರೆ ದಾಟಿದರೆ ಹೈವೇಯಲ್ಲಿ ಬರುವ ಕಾರುಗಳೆಲ್ಲ ತಟ್ಟೆ ಇಡ್ಲಿಗೆ ಅಂತ ಕ್ಯಾತ್ಸಂದ್ರದಲ್ಲಿ ನಿಲ್ಲುತ್ತವೆ. ಆಗ ಹನ್ನೆರಡು ಜನ ಟೇಬಲ್ ಜೋಡಿಸಿಕೊಂಡು ಕೂತರೆ ಮಾಲೀಕರಿಗೆ ತೊಂದರೆ. ಏಳಕ್ಕೆ ಹೋದರೆ ಇಡ್ಲಿಯ ಮೊದಲ ಒಬ್ಬೆ ಇಳಿಯುತ್ತಿರುತ್ತದೆ, ಅರ್ಧ ಹೋಟೆಲ್ ಖಾಲಿ ಇರುತ್ತದೆ, ಯಾರೂ ಏಳಿ ಅನ್ನುವುದಿಲ್ಲ.

ಇನ್ನು ಆ "ಸುಮ್ನೆ ಮಾತು". ಒಂದು ಭಾನುವಾರ ನನ್ನ ಕಣ್ಣೆದುರು ನಡೆದದ್ದು ಹೇಳುತ್ತೇನೆ.

ಕೊರಟಗೆರೆ ಕಡೆಯ ಹುಡುಗನೊಬ್ಬ ಮೊದಲ ಸಲ ಬಂದಿದ್ದ. ಊರಿನ ಹಾಲಿನ ಡೇರಿಯ ಸದಸ್ಯರ ಪಟ್ಟಿ ಯಾವುದೋ ಕಾಲದ ಫಾಂಟ್‌ನಲ್ಲಿ ಟೈಪ್ ಆಗಿತ್ತು. ಮೊಬೈಲ್‌ನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು. ಅದನ್ನು ಈಗ ಎಲ್ಲ ಮೊಬೈಲ್, ಕಂಪ್ಯೂಟರ್‌ಗಳೂ ಬಳಸುವ ಅಕ್ಷರ ಪದ್ಧತಿಯಾದ ಯೂನಿಕೋಡ್‌ಗೆ ತರಲು ಅವನೇ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದ. ಎಲ್ಲ ಸರಿ ಬರುತ್ತಿತ್ತು. ಆದರೆ "ಕರ್ನಾಟಕ" ಮಾತ್ರ "ಕನಾರ್ಟಕ" ಆಗುತ್ತಿತ್ತು. ಪಾರ್ವತಮ್ಮನವರು "ಪಾವರ್ತಮ್ಮ" ಆಗಿದ್ದರು. ಇದನ್ನು ಬಾಯಿಬಿಟ್ಟು ಹೇಳಲು ಅವನಿಗೆ ಮುಕ್ಕಾಲು ಗಂಟೆ ಹಿಡಿಯಿತು. ಎರಡನೇ ಇಡ್ಲಿ ಮುಗಿದ ಮೇಲೆ ಪಕ್ಕದವರಿಗೆ ಮೆಲ್ಲಗೆ ಮೊಬೈಲ್ ತೋರಿಸಿದ.

ನನ್ನ ಕಿವಿ ನೆಟ್ಟಗಾಯಿತು. ನಮ್ಮ ಪತ್ರಿಕೆಯ ಹಳೇ ಸಂಚಿಕೆಗಳನ್ನು ಯೂನಿಕೋಡ್‌ಗೆ ಬದಲಾಯಿಸುವಾಗ ನಮಗೂ ಇದೇ ಕಾಟ. ನಮ್ಮ ಡಿಟಿಪಿ ಹುಡುಗಿ ಒಂದೊಂದೇ ಪದ ಹುಡುಕಿ ಕೈಯಲ್ಲಿ ತಿದ್ದುತ್ತಿದ್ದಳು. ತಪ್ಪು ಯಾಕೆ ಬರುತ್ತದೆ ಅಂತ ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ.

ಎದುರಿಗೆ ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ಹೆಣ್ಣುಮಗಳು ಕೂತಿದ್ದರು. ಎಡಗೈಯಲ್ಲಿ ಬಿಲ್ಲಿನ ಚೀಟಿ ಎಳೆದುಕೊಂಡು ಅದರ ಹಿಂದೆ ಬರೆದರು. "ನೋಡು, ಹಳೇ ಫಾಂಟ್‌ಗೆ ಆಕಾರ ಮಾತ್ರ ಗೊತ್ತು. ಕಣ್ಣಿಗೆ ಕಾಣುವ ಸಾಲಿನಲ್ಲೇ ಇಟ್ಟುಕೊಳ್ಳುತ್ತೆ. ಕ, ಆಮೇಲೆ ನಾ, ಅದರ ಪಕ್ಕ ಅರ್ಕಾವೊತ್ತು, ಆಮೇಲೆ ಟ, ಕ. ಯೂನಿಕೋಡ್ ಬಾಯಲ್ಲಿ ಹೇಳುವ ಸಾಲಿನಲ್ಲಿ ಇಡುತ್ತೆ. ಕ, ರ್, ನಾ, ಟ, ಕ. ನೀನು ಅರ್ಕಾವೊತ್ತು ಸಿಕ್ಕಿದ ಜಾಗದಲ್ಲೇ ರ್ ಇಡ್ತಿದ್ದೀಯ. ಅದನ್ನ ಒಂದು ಅಕ್ಷರ ಹಿಂದಕ್ಕೆ ತಳ್ಳಬೇಕು."

ಹುಡುಗ ಚೀಟಿಯನ್ನೇ ನೋಡುತ್ತಾ ಕೂತ. ಆಮೇಲೆ ಕೇಳಿದ: "ಅಕ್ಕಾ, 'ಸಾಮರ್ಥ್ಯ' ಅಂತ ಬಂದ್ರೆ? ಅಲ್ಲಿ ಕೆಳಗೆ ಒತ್ತೂ ಇದೆಯಲ್ಲ?"

ಆಕೆಯ ಮುಖ ಅರಳಿತು. "ಅದೇ ಸರಿಯಾದ ಪ್ರಶ್ನೆ. ಒತ್ತು, ಕಾಗುಣಿತ ಎಲ್ಲ ಸೇರಿ ಒಂದು ಅಕ್ಷರ. ಅದಷ್ಟನ್ನೂ ದಾಟಿಸಿ ಹಿಂದಕ್ಕೆ ಹಾಕು."

ಮುಂದಿನ ವಾರ ಪಾರ್ವತಮ್ಮ ಪಾರ್ವತಮ್ಮನೇ ಆಗಿ ಬಂದರು. ಅವನ ಪ್ರೋಗ್ರಾಂ ಈಗ ನಮ್ಮ ಕಚೇರಿಯ ಕಂಪ್ಯೂಟರ್‌ನಲ್ಲೂ ಇದೆ. ಕೇಳಿದೆ, ಕೊಟ್ಟ.

ಮೇಷ್ಟ್ರೇ, ನೀವು ಜೀವನವೆಲ್ಲ ತರಗತಿಯಲ್ಲಿ ಕಳೆದವರು. ಇನ್‌ಸ್ಪೆಕ್ಟರ್ ಸಾಹೇಬರು ಬಂದ ದಿನ ಯಾವ ಮಗುವಾದರೂ ಕೈ ಎತ್ತಿ "ನನಗೆ ಗೊತ್ತಾಗಲಿಲ್ಲ ಸಾರ್" ಅಂದದ್ದು ನೆನಪಿದೆಯೇ? ಹಾಲ್, ಮೈಕು, ವೇದಿಕೆಯ ಮೇಲೆ ತಜ್ಞರು ಅಂದಾಗ ನಮ್ಮ ಹುಡುಗರಿಗೆ ಅದು ಇನ್‌ಸ್ಪೆಕ್ಟರ್ ಬಂದ ದಿನವೇ. ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ. ಕೊನೆಯಲ್ಲಿ "ಎನಿ ಕ್ವಶ್ಚನ್ಸ್?" ಅಂತ ಕೇಳುತ್ತಾರೆ. ಯಾರೂ ಏಳುವುದಿಲ್ಲ. ವಂದನಾರ್ಪಣೆ ಆಗುತ್ತದೆ. ಇಂಥ ಎಷ್ಟೋ ಕಾರ್ಯಕ್ರಮಗಳ ಮುಂದಿನ ಸಾಲಿನಲ್ಲಿ ನಾನು ಕೂತಿದ್ದೇನೆ. ಹಿಂದಿನ ಸಾಲಿನಲ್ಲಿ ಕೂತ ಕೊರಟಗೆರೆ ಹುಡುಗನ ಮೊಬೈಲ್‌ನಲ್ಲಿ ಏನಿದೆ ಅಂತ ಅಲ್ಲಿ ತಿಳಿಯುವ ದಾರಿಯೇ ಇಲ್ಲ. ಚಟ್ನಿ ಇನ್ನೊಂಚೂರು ಹಾಕಿಸಿಕೊಳ್ಳಿ ಅಂತ ಪಕ್ಕದವರು ಹೇಳಿದಾಗ ಮಾತ್ರ ಆ ಪ್ರಶ್ನೆ ಹೊರಗೆ ಬರುತ್ತದೆ. ನಾಲ್ಕು ಪುಟ ಕೊಟ್ಟದ್ದು ಇದಕ್ಕೇ.

ಹೀಗೆ ಸೇರುವುದು ಹೊಸದೇನೂ ಅಲ್ಲ. ಅಮೆರಿಕದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ 1975ರ ಮಾರ್ಚ್ 5ರಂದು ಮೊದಲು ಸೇರಿದ್ದು ಮೆನ್ಲೊ ಪಾರ್ಕ್‌ನ ಒಂದು ಮನೆಯ ಗ್ಯಾರೇಜಿನಲ್ಲಿ. ಆಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ತಾವು ಮಾಡಿದ ಕಂಪ್ಯೂಟರ್‌ನ ನಕ್ಷೆಯನ್ನು ಅಲ್ಲಿಗೆ ಬಂದವರಿಗೆ ಪುಕ್ಕಟೆ ಹಂಚಿದ್ದರು. ಆಪಲ್‌ನ ಮೊದಲ ಕಂಪ್ಯೂಟರ್ ಅದೇ. ತುಮಕೂರಿನಲ್ಲೂ ಆಪಲ್ ಹುಟ್ಟುತ್ತದೆ ಅಂತ ನಾನು ಹೇಳುತ್ತಿಲ್ಲ. ನಮ್ಮ ಹುಡುಗ ಪ್ರೋಗ್ರಾಂ ಕೊಟ್ಟಾಗ ನನಗೆ ಆ ನಕ್ಷೆ ನೆನಪಾಯಿತು, ಅಷ್ಟೇ.

ಬರುವವರೆಲ್ಲ ಸಾಫ್ಟ್‌ವೇರ್‌ನವರು ಅಂದುಕೊಳ್ಳಬೇಡಿ. ನಮ್ಮೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದ ಹಿರಿಯರೊಬ್ಬರು ತಪ್ಪದೆ ಬರುತ್ತಾರೆ. ಕಾರ್ಖಾನೆ ಮುಚ್ಚಿದ್ದು 2016ರಲ್ಲಿ. ಅವರ ಕೈ ಇನ್ನೂ ಸುಮ್ಮನಿರುವುದಿಲ್ಲ. ತಿಪಟೂರು ಕಡೆಯ ಹುಡುಗನೊಬ್ಬ ತೋಟದ ಮೋಟರ್‌ಗೆ ಮೊಬೈಲ್ ಸ್ಟಾರ್ಟರ್ ಮಾಡಿದ್ದ. ರಾತ್ರಿ ಮೂರು ಫೇಸ್ ಕರೆಂಟ್ ಬಂದರೆ ಮನೆಯಿಂದಲೇ ಫೋನ್ ಮಾಡಿ ಮೋಟರ್ ಹಾಕಬಹುದು. ಎರಡೇ ತಿಂಗಳಿಗೆ ಕೆಟ್ಟಿತು. ಪ್ರೋಗ್ರಾಂನಲ್ಲೇ ತಪ್ಪಿದೆ ಅಂತ ಅವನು ತಲೆ ಕೆಡಿಸಿಕೊಂಡಿದ್ದ. ಈ ಹಿರಿಯರು ಪೆಟ್ಟಿಗೆ ತರಿಸಿ ಬಿಚ್ಚಿ ನೋಡಿದರೆ, ಕರೆಂಟ್ ಹಾಕಿ ತೆಗೆಯುವ ರಿಲೇ ಒಳಗೆಲ್ಲ ಇರುವೆ. "ವೈರ್ ಮೇಲಿಂದ ಬಿಡಬೇಡ ಮಗಾ. ಕೆಳಗಿಂದ ಬಿಡು. ತೂತಿಗೆ ರಬ್ಬರ್ ಹಾಕಿ ಬಿಗಿ ಮಾಡು" ಅಂದರು. ಮಳೆ ನೀರೂ ಹೋಗದು, ಇರುವೆಯೂ ಹೋಗದು. ಇದನ್ನು ಯಾವ ಕೋರ್ಸ್‌ನಲ್ಲಿ ಹೇಳಿಕೊಡುತ್ತಾರೆ, ಹೇಳಿ.

ಕೆಲಸದ ಲೆಕ್ಕ ಕೇಳಿದ್ದೀರಿ. ಯಾರೂ ಬರೆದಿಟ್ಟಿಲ್ಲ, ಹಾಗಾಗಿ ಅಂಕಿ ಕೊಡಲಾರೆ. "ನಮ್ಮ ಕಂಪನಿಯಲ್ಲಿ ಜಾಗ ಇದೆ, ರೆಸ್ಯೂಮೆ ಕಳಿಸು" ಅನ್ನುವ ಮಾತು ಅಲ್ಲಿ ಕೇಳಿದ್ದೇನೆ. "ನೀನಿನ್ನೂ ತಯಾರಾಗಿಲ್ಲ, ಮೂರು ತಿಂಗಳು ಇದನ್ನು ಓದು" ಅಂತ ನೇರವಾಗಿ ಹೇಳಿದ್ದನ್ನೂ ಕೇಳಿದ್ದೇನೆ. ಎರಡನೆಯದು ಹುಡುಗರಿಗೆ ಬೇರೆಲ್ಲೂ ಸಿಗದ ಮಾತು.

ಸಂಘದ ನೋಂದಣಿ ಬಗ್ಗೆ ಮಾತ್ರ ನಿಮ್ಮ ಮಾತು ನಾನು ಒಪ್ಪಲಾರೆ. 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಸೇರಿದರೆ ಸಂಘ ಮಾಡಬಹುದು. ಅದೇನೂ ಕಷ್ಟದ ಕೆಲಸವಲ್ಲ. ಆಮೇಲೆ ಪ್ರತಿ ವರ್ಷ ಮಹಾಸಭೆ, ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಸಲ್ಲಿಸುವುದು ಇರುತ್ತದೆ. ನಾನು ಒಂದು ಸಂಘದ ಖಜಾಂಚಿಯಾಗಿ ನಾಲ್ಕು ವರ್ಷ ಇದ್ದೆ. ಒಳ್ಳೆಯ ಜನ, ಒಳ್ಳೆಯ ಉದ್ದೇಶ. ಮುಂದಿನ ಅಧ್ಯಕ್ಷರು ಯಾರು ಅನ್ನುವ ಪ್ರಶ್ನೆ ಬಂದ ದಿನ ಎರಡು ಗುಂಪಾಯಿತು. ಇವತ್ತು ಆ ಸಂಘದ ಬೋರ್ಡು ಮಾತ್ರ ಉಳಿದಿದೆ. ಕ್ಯಾತ್ಸಂದ್ರದ ಟೇಬಲ್‌ನಲ್ಲಿ ಗೆಲ್ಲಲು ಕುರ್ಚಿಯೇ ಇಲ್ಲ. ಅವರವರ ಬಿಲ್ಲು ಅವರವರು ಕೊಡುತ್ತಾರೆ. ಓದುವ ಹುಡುಗರದ್ದನ್ನು ಕೆಲಸದಲ್ಲಿರುವವರು ಯಾರಾದರೂ ಸದ್ದಿಲ್ಲದೆ ಕೊಟ್ಟುಬಿಡುತ್ತಾರೆ. ಅದೇ ದಿನ, ಅದೇ ಹೊತ್ತು, ಅದೇ ಹೋಟೆಲ್. ಈ ಮೂರನ್ನು ಅವರು ಬಿಟ್ಟಿಲ್ಲ. ಜಡಿಮಳೆಯ ಒಂದು ಭಾನುವಾರ ಶುರುವಿನಿಂದ ಬರುತ್ತಿರುವ ಒಬ್ಬರೇ ಬಂದು, ಎಂಟೂವರೆವರೆಗೂ ಕೂತು, ಕಾಫಿ ಕುಡಿದು ಹೋದರಂತೆ. ಯಾರಾದರೂ ಹೊಸಬರು ಬಂದು ಖಾಲಿ ಟೇಬಲ್ ನೋಡಿ ವಾಪಸ್ ಹೋಗಬಾರದು ಅಂತ. 2020ರಲ್ಲಿ ಲಾಕ್‌ಡೌನ್ ಆಗಿ, ಜೂನ್ 8ಕ್ಕೆ ಹೋಟೆಲ್‌ನಲ್ಲಿ ಕೂತು ತಿನ್ನಲು ಮತ್ತೆ ಅವಕಾಶ ಆಯಿತಲ್ಲ. ಆ ವಾರದ ಭಾನುವಾರವೇ ನಾಲ್ಕು ಜನ ನಾಲ್ಕು ಟೇಬಲ್‌ನಲ್ಲಿ ಕೂತು, ದೂರದಿಂದಲೇ ಗಟ್ಟಿಯಾಗಿ ಮಾತಾಡಿಕೊಂಡರಂತೆ.

ಹೆಣ್ಣುಮಕ್ಕಳ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಹನ್ನೆರಡು ಜನ ಇದ್ದರೆ ಇಬ್ಬರೋ ಮೂವರೋ ಹೆಂಗಸರು, ಅವರೂ ತುಮಕೂರಿನಲ್ಲೇ ಮನೆ ಇರುವವರು. ಶಿರಾದಿಂದ, ಮಧುಗಿರಿಯಿಂದ ಬಸ್ಸಿನಲ್ಲಿ ಬರಬೇಕಾದ ಹುಡುಗಿಗೆ ಏಳು ಗಂಟೆ ಆಗದ ಮಾತು. ಪಾವಗಡದ ಬಗ್ಗೆ ಕೇಳಲೇಬೇಡಿ. ನಮ್ಮ ಲೇಖನದಲ್ಲಿ ಇದನ್ನು ಬರೆಯಬೇಕಿತ್ತು. ಬಿಟ್ಟದ್ದು ನಮ್ಮ ತಪ್ಪು. ಕಳೆದ ಭಾನುವಾರ ನಿಮ್ಮ ಪತ್ರವನ್ನು ಅಲ್ಲಿಗೆ ತೆಗೆದುಕೊಂಡು ಹೋಗಿ ಓದಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ, ಅರ್ಕಾವೊತ್ತು ಹೇಳಿಕೊಟ್ಟರಲ್ಲ, ಆ ಹೆಣ್ಣುಮಗಳೇ ಹೇಳಿದರು: "ಎರಡನೇ ಶನಿವಾರ ಹನ್ನೊಂದು ಗಂಟೆಗೆ ಬಸ್ ಸ್ಟ್ಯಾಂಡ್ ಹತ್ತಿರ ನಾನು ಕೂರ್ತೀನಿ. ಯಾರು ಬಂದರೂ ಸರಿ, ಬರದಿದ್ದರೂ ಸರಿ." ಇನ್ನಿಬ್ಬರು ಜೊತೆಗಿರುತ್ತೇವೆ ಅಂದರು. ಮುಂದಿನ ತಿಂಗಳಿಂದ ಶುರು. ಇದು ನಿಮ್ಮ ಪತ್ರದಿಂದಲೇ ಆದದ್ದು.

ನಿಮ್ಮಲ್ಲಿ ಒಂದು ಕೇಳಿಕೆ ಇದೆ. ಗುಬ್ಬಿಯಲ್ಲಿ ನಿಮಗೆ ಗುರುತಿನ ಹೋಟೆಲ್ ಒಂದಾದರೂ ಇದ್ದೇ ಇರುತ್ತದೆ. ಎರಡು ಟೇಬಲ್ ಜೋಡಿಸಿಕೊಳ್ಳಲು ಬಿಡುವಂಥವರು ಇದ್ದರೆ ಸಾಕು. ಮೊಮ್ಮಗ ಆರು ತಿಂಗಳು ತಪ್ಪದೆ ಅಲ್ಲಿ ಕೂರಲಿ, ಒಬ್ಬನೇ ಆದರೂ. ಬಸ್ಸಿನ ಹೊತ್ತು ನೋಡಿಕೊಂಡು ಸಮಯ ನೀವೇ ಗೊತ್ತು ಮಾಡಿ, ಹಳ್ಳಿ ಹುಡುಗಿಯರು ಯಾವಾಗ ಬರಬಹುದು ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಮೊದಲ ದಿನ ನಾನು ಬರುತ್ತೇನೆ. ಎಚ್‌ಎಂಟಿಯ ಹಿರಿಯರೂ ಬರುತ್ತೇನೆ ಅಂದಿದ್ದಾರೆ. ಯಾವ ಹೋಟೆಲ್, ಯಾವ ದಿನ ಅಂತ ಒಂದು ಕಾರ್ಡು ಹಾಕಿ.

– ಸಂಪಾದಕ